ವಿಶ್ರಾಂತಿ ಅಂತ ಬರೆದ ಕೋಶಗಳು

2021ರಲ್ಲಿ ನಾನೊಂದು ಗಿಡವನ್ನು ಫೇಲ್ ಮಾಡಿದೆ.

ನನ್ನ ಕೆಲಸ ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಹೊರಗಿನಿಂದ ಗಿಡಗಳ ಸ್ಯಾಂಪಲ್ ಬರುತ್ತವೆ. ಅವುಗಳ ಡಿಎನ್‌ಎ ಸರಿಯಾಗಿದೆಯಾ, ಮುಂದಿನ ಹಂತಕ್ಕೆ ಕಳಿಸಬಹುದಾ ಅಂತ ನೋಡಿ ಪಾಸ್ ಅಥವಾ ಫೇಲ್ ಅಂತ ಬರೆಯೋದು ನನ್ನ ಪಾಲಿನ ಕೆಲಸ. ಎಲೆಯನ್ನು ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಕೋಶಕೇಂದ್ರಗಳನ್ನು ಬಿಡಿಸಿ, ಹೊಳೆಯುವ ಬಣ್ಣ ಹಾಕಿ, ಒಂದೊಂದನ್ನೇ ಲೇಸರ್ ಮುಂದೆ ಹಾಯಿಸುವ ಮಷೀನ್ ಒಂದಿದೆ. ಡಿಎನ್‌ಎ ಜಾಸ್ತಿ ಇದ್ದಷ್ಟೂ ಹೊಳಪು ಜಾಸ್ತಿ. ಆ ಹೊಳಪೆಲ್ಲ ಕೊನೆಗೆ ಸ್ಕ್ರೀನ್ ಮೇಲೆ ಗುಡ್ಡಗಳ ಸಾಲಾಗಿ ಕಾಣುತ್ತದೆ.

ಆ ದಿನ ಬಂದಿದ್ದು ವೆನಿಲಾ ಎಲೆ. ಕಳಿಸಿದವಳು ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ. ಗ್ರಾಫ್ ನೋಡಿದೆ. ಮೊದಲ ಗುಡ್ಡ 100ರಲ್ಲಿ ಇದ್ದರೆ ಮುಂದಿನದು 200ರಲ್ಲಿ, ಆಮೇಲಿನದು 400ರಲ್ಲಿ ಇರಬೇಕು. ಇಲ್ಲಿ 100ರ ಪಕ್ಕದಲ್ಲೇ 130ರ ಸುಮಾರಿಗೆ ಒಂದು, 190ರ ಹತ್ತಿರ ಇನ್ನೊಂದು, 310ರ ಆಸುಪಾಸಿನಲ್ಲಿ ಮತ್ತೊಂದು. ಯಾವ ಲೆಕ್ಕಕ್ಕೂ ಸಿಗದ ಅಂಕಿಗಳು. ಬೇರೆ ಗಿಡದ ಎಲೆ ಬೆರೆತಿದೆ ಅಂತ ನಿರ್ಧರಿಸಿ ಫೇಲ್ ಬರೆದೆ. ಆಕೆ ಎರಡನೇ ಸಲ ಕಳಿಸಿದಳು. ಮತ್ತೆ ಅದೇ ಗುಡ್ಡಗಳು, ಮತ್ತೆ ಫೇಲ್. ಈ ಸಲ ಒಂದು ಸಾಲು ಉಪದೇಶವನ್ನೂ ಸೇರಿಸಿದೆ: ದಯವಿಟ್ಟು ಸ್ಯಾಂಪಲ್ ಶುದ್ಧವಾಗಿರಲಿ.

ಹದಿನೈದು ದಿನದ ಮೇಲೆ ಆಕೆಯಿಂದ ಒಂದು ಮೇಲ್ ಬಂತು. ಸಿಟ್ಟಿಲ್ಲ, ಜಗಳವಿಲ್ಲ. 2017ರ ಒಂದು ಸಂಶೋಧನಾ ಪ್ರಬಂಧವನ್ನು ಲಗತ್ತಿಸಿ, 'ಸರ್, ಆರ್ಕಿಡ್‌ಗಳು ಹೀಗೇ ಇರ್ತಾವೆ ಅನ್ಸುತ್ತೆ' ಅಂತ ಬರೆದಿದ್ದಳು. ಗಿಡದ್ದೂ ತಪ್ಪಿರಲಿಲ್ಲ, ಅವಳದ್ದೂ ತಪ್ಪಿರಲಿಲ್ಲ. ಪ್ರಬಂಧ ಬಂದು ನಾಲ್ಕು ವರ್ಷ ಆಗಿತ್ತು, ನಾನು ಹುಡುಕಿರಲಿಲ್ಲ. ಅಷ್ಟರಲ್ಲಿ ಅವಳ ಪ್ರಾಜೆಕ್ಟಿನ ದುಡ್ಡಿನ ಅವಧಿ ಮುಗಿದಿತ್ತು.

ಆ ಮೇಲ್ ಆದಮೇಲೆ ನಾನು ಓದಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಒಂದು ತಪ್ಪಿನ ಇತಿಹಾಸ. ಸಮಾಧಾನದ ವಿಷಯ ಅಂದರೆ ಈ ತಪ್ಪನ್ನು ನನಗಿಂತ ಬಹಳ ದೊಡ್ಡವರೂ ಮಾಡಿದ್ದಾರೆ.

ನನ್ನ ಊರು ರಾಯಚೂರು ಜಿಲ್ಲೆಯ ದೇವದುರ್ಗ. ಬಿಎಸ್ಸಿ ಓದಿದ್ದು ರಾಯಚೂರಿನಲ್ಲಿ. ಸೈನ್ಸ್ ಓದಿದವರಿಗೆಲ್ಲ ನೆನಪಿರುತ್ತೆ, ಈರುಳ್ಳಿ ಬೇರಿನ ಪ್ರಾಕ್ಟಿಕಲ್. ನೀರಿನ ಗ್ಲಾಸಿನ ಮೇಲೆ ಉಳ್ಳಾಗಡ್ಡಿ ಕೂರಿಸಿ, ಬಂದ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡೋದು. ನೂರು ಕೋಶ ಕಂಡರೆ ಅದರಲ್ಲಿ ಒಡೆಯುತ್ತಿರುವವು ಕೆಲವೇ ಕೆಲವು. ವರ್ಣತಂತುಗಳು ದಾರದ ತುಂಡುಗಳ ಹಾಗೆ ಎದ್ದು ಕಾಣೋದು ಅವುಗಳಲ್ಲಿ ಮಾತ್ರ. ಮಾರ್ಕ್ಸು ಸಿಗೋದೂ ಅವನ್ನು ಬರೆದರೆ ಮಾತ್ರ. ಉಳಿದವು? 'ಅವು ರೆಸ್ಟಿಂಗ್ ಸ್ಟೇಜಿನ್ಯಾಗ ಅದಾವ, ಬಿಡ್ರಿ' ಅಂತಿದ್ರು ನಮ್ಮ ಸರ್.

ಇದು ನಮ್ಮ ಸರ್ ಕಟ್ಟಿದ ಮಾತಲ್ಲ. ಕೋಶ ಒಡೆಯುವುದನ್ನು ವಿವರವಾಗಿ ನೋಡಿ ಚಿತ್ರ ಬರೆದು, ಅದಕ್ಕೆ ಮೈಟೋಸಿಸ್ ಅಂತ ಹೆಸರು ಕೊಟ್ಟವರು ಜರ್ಮನಿಯ ವಾಲ್ಟರ್ ಫ್ಲೆಮಿಂಗ್. ಅವರ ಪುಸ್ತಕ ಬಂದಿದ್ದು 1882ರಲ್ಲಿ. ಆಮೇಲೆ ಎಷ್ಟೋ ದಶಕ ವಿಜ್ಞಾನಿಗಳ ಕಣ್ಣೆಲ್ಲ ಒಡೆಯುವ ಕೋಶದ ಮೇಲೇ ಇತ್ತು, ಯಾಕಂದರೆ ವರ್ಣತಂತು ಎಣಿಸಲು ಬರೋದು ಆಗ ಮಾತ್ರ. ಒಡೆಯದೆ ಇರುವ ಕೋಶಕೇಂದ್ರಕ್ಕೆ 'ವಿಶ್ರಾಂತಿಯಲ್ಲಿರುವ ಕೇಂದ್ರ' ಅಂತ ಹೆಸರು ಬಿತ್ತು. ಎಣಿಸಲು ಬರದೇ ಇರೋದನ್ನ ಕೆಲಸ ಮಾಡ್ತಾ ಇಲ್ಲ ಅಂತ ಬರೆದುಬಿಟ್ಟರು.

ಸುಳಿವುಗಳು ಇರಲಿಲ್ಲ ಅಂತಲ್ಲ. ಫ್ಲೆಮಿಂಗ್ ಪುಸ್ತಕಕ್ಕೂ ಒಂದು ವರ್ಷ ಮೊದಲು, 1881ರಲ್ಲಿ, ಬಾಲ್ಬಿಯಾನಿ ಎಂಬಾತ ಕೈರೋನೋಮಸ್ ಅನ್ನೋ ಸಣ್ಣ ನೊಣದ ಮರಿಹುಳದ ಜೊಲ್ಲುಗ್ರಂಥಿಯಲ್ಲಿ ದಪ್ಪ ದಪ್ಪ ಪಟ್ಟೆಪಟ್ಟೆಯ ಹಗ್ಗಗಳನ್ನು ನೋಡಿದ್ದ. ಅವು ವರ್ಣತಂತುಗಳೇ ಅಂತ ಖಾತ್ರಿಯಾಗಲು 1933ರವರೆಗೆ ಕಾಯಬೇಕಾಯಿತು. ಒಂದೇ ವರ್ಣತಂತು ಮತ್ತೆ ಮತ್ತೆ ನಕಲಾಗಿ, ನಕಲುಗಳು ಬೇರೆಯಾಗದೆ ಒಟ್ಟಿಗೇ ಅಂಟಿಕೊಂಡು, ಹುರಿ ಮಾಡಿದ ಹಗ್ಗದ ಹಾಗೆ ದಪ್ಪಗಾಗಿದ್ದವು. 1939ರಲ್ಲಿ ವಿಯೆನ್ನಾದ ಲೋಥರ್ ಗೈಟ್ಲರ್ ಇನ್ನೊಂದು ಕೀಟದಲ್ಲಿ ಇದೇ ಜಾತಿಯ ಸಂಗತಿಯನ್ನು ವಿವರಿಸಿದರು. ಕೆರೆ ನೀರಿನ ಮೇಲೆ ಉದ್ದ ಕಾಲಿನಲ್ಲಿ ಜಾರಿಕೊಂಡು ಓಡುತ್ತಲ್ಲ, ಆ ಕೀಟ. ಕೋಶಕೇಂದ್ರದ ಪೊರೆ ಹರಿಯದೆ, ಕೋಶ ಎರಡಾಗದೆ, ಒಳಗಡೆಯೇ ವರ್ಣತಂತುಗಳು ಇಮ್ಮಡಿಯಾಗುತ್ತಿದ್ದವು.

ಆಮೇಲೆ ಬಂದಿದ್ದು 1953. ಡಿಎನ್‌ಎ ಜೋಡಿಸುರುಳಿಯ ವರ್ಷ ಅಂತ ಎಲ್ಲರಿಗೂ ಗೊತ್ತು. ಅದೇ ವರ್ಷ ಇನ್ನೂ ಎರಡು ಕೆಲಸ ನಡೆದವು, ಅವು ಪಠ್ಯಪುಸ್ತಕದಲ್ಲಿ ಒಂದು ಸಾಲಿಗೆ ಇಳಿದುಹೋಗಿವೆ. ಲಂಡನ್ನಿನಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಒಂದು ಜಾತಿಯ ಅವರೆಯ ಬೇರಿಗೆ ವಿಕಿರಣ ಸೂಸುವ ರಂಜಕ ಕೊಟ್ಟು ನೋಡಿದರು. ಡಿಎನ್‌ಎ ನಕಲಾಗುವುದು ಕೋಶ ಒಡೆಯುವಾಗ ಅಲ್ಲ, ಅದಕ್ಕೂ ಮುಂಚೆ, ನಾವು ವಿಶ್ರಾಂತಿ ಅಂತ ಕರೆದ ಹೊತ್ತಿನಲ್ಲೇ ಅಂತ ತೋರಿಸಿದರು. ಲೆವಾನ್ ಮತ್ತು ಹೌಶ್ಕಾ ಎಂಬಿಬ್ಬರು ಇಲಿಯ ಕ್ಯಾನ್ಸರ್ ಕೋಶಗಳನ್ನು ನೋಡುತ್ತ, ಒಡೆಯದೆ ನಕಲು ಮಾತ್ರ ಆಗುವ ಕ್ರಿಯೆಗೆ ಎಂಡೋರೆಡ್ಯುಪ್ಲಿಕೇಶನ್ ಅನ್ನೋ ಹೆಸರು ಕೊಟ್ಟರು. ಕನ್ನಡದಲ್ಲಿ ಹೇಳೋದಾದರೆ ಒಳಗೊಳಗೇ ಇಮ್ಮಡಿಸೋದು.

ಇದು ನಡೆಯೋದು ಹೇಗೆ? ಕೋಶದ ಜೀವನಚಕ್ರದಲ್ಲಿ ಮುಖ್ಯವಾಗಿ ಎರಡು ಕೆಲಸ: ಮೊದಲು ನಕಲು, ಆಮೇಲೆ ಪಾಲು. ಪಾಲಾಗಬೇಕಾದರೆ ಸೈಕ್ಲಿನ್ ಅನ್ನೋ ಕೆಲವು ಪ್ರೋಟೀನುಗಳು ಬೇಕು. ಕೋಶ ಆ ಸೈಕ್ಲಿನ್‌ಗಳನ್ನು ಒಡೆದು ಹಾಕಿದರೆ ಪಾಲಿನ ಹಂತ ತಪ್ಪುತ್ತದೆ, ನಕಲಿನ ಹಂತ ಮಾತ್ರ ಸುತ್ತು ಹೊಡೆಯುತ್ತದೆ. ಎರಡು ಪ್ರತಿ ನಾಲ್ಕಾಗುತ್ತೆ, ಎಂಟಾಗುತ್ತೆ, ಹದಿನಾರಾಗುತ್ತೆ. ಕೋಶ ಒಂದೇ. ಆದರೆ ಒಳಗೆ ಪ್ರತಿಗಳು ಹೆಚ್ಚಾದ ಹಾಗೆ ಅದು ದೊಡ್ಡದಾಗುತ್ತೆ, ಬೇಕಾದ ಪ್ರೋಟೀನನ್ನು ಹೆಚ್ಚು ಮಾಡಬಲ್ಲದು, ಒಡೆಯೋದಕ್ಕೆ ಅಂತ ಕೆಲಸ ನಿಲ್ಲಿಸಬೇಕಾಗಿಲ್ಲ.

ಇದೇನೋ ಅಪರೂಪದ ವಿಚಿತ್ರ ಅಂದುಕೊಳ್ಳಬೇಡಿ. ಡೆಂಗಿ ಬಂದಾಗ ಮನೆಮಂದಿಯೆಲ್ಲ ಪ್ಲೇಟ್‌ಲೆಟ್ ಕೌಂಟ್ ಎಷ್ಟು ಅಂತ ಕೇಳ್ತೀವಲ್ಲ, ಆ ಪ್ಲೇಟ್‌ಲೆಟ್‌ಗಳನ್ನು ಉದುರಿಸುವ ಎಲುಬಿನ ಮಜ್ಜೆಯ ದೊಡ್ಡ ಕೋಶಗಳು ಹೀಗೆ ಒಳಗೊಳಗೇ ಇಮ್ಮಡಿಸಿಕೊಂಡವೇ. ಒಡೆಯಲು ಶುರು ಮಾಡಿ, ಅರ್ಧಕ್ಕೆ ಕೈಬಿಟ್ಟು, ಮತ್ತೆ ನಕಲಿಗೆ ಕೂರುತ್ತವೆ.

ರೇಷ್ಮೆಯ ಕಥೆ ಇನ್ನೂ ಜೋರು. ರೇಷ್ಮೆಹುಳುವಿನ ರೇಷ್ಮೆಗ್ರಂಥಿಯಲ್ಲಿ ಇರೋದು ಸ್ವಲ್ಪವೇ ಕೋಶ. ಹುಳು ಮೊಟ್ಟೆಯಿಂದ ಹೊರಬರುವ ಹೊತ್ತಿಗೆ ಆ ಕೋಶಗಳು ಒಡೆಯುವುದನ್ನು ನಿಲ್ಲಿಸಿರುತ್ತವೆ. ಆಮೇಲೆ ಬರೀ ನಕಲು. ಗೂಡು ಕಟ್ಟುವ ಹೊತ್ತಿಗೆ ಒಂದೊಂದು ಕೋಶದ ಡಿಎನ್‌ಎ ಲಕ್ಷಗಟ್ಟಲೆ ಪಟ್ಟು ಹೆಚ್ಚಿರುತ್ತದೆ. ಈ ಗ್ರಂಥಿಯ ನಕಲು ಯಂತ್ರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಜಾಗಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಪ್ರೊ. ಕೆ. ಪಿ. ಗೋಪಿನಾಥನ್ ಅವರ ಲ್ಯಾಬ್. ರಾಮನಗರದ ಮಾರುಕಟ್ಟೆಗೆ ಬಂದು ಬೀಳುವ ಒಂದೊಂದು ಗೂಡಿನ ಹಿಂದೆಯೂ ಒಡೆಯದೆ ದುಡಿದ ಆ ಕೋಶಗಳಿವೆ.

ಇದನ್ನೆಲ್ಲ ಓದುವಾಗ ನಾನು ರಜೆಗೆ ದೇವದುರ್ಗಕ್ಕೆ ಹೋಗಿದ್ದೆ. ರಾತ್ರಿ ಆಯಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಿಳಿಜೋಳದ ಹಿಟ್ಟು. ಫೋನಿನಲ್ಲಿ ಓದುತ್ತಿದ್ದ ಪ್ರಬಂಧ ಮೆಕ್ಕೆಜೋಳದ್ದು: 1985ರಲ್ಲಿ ಕೌಲ್ಸ್ ಮತ್ತು ಫಿಲಿಪ್ಸ್ ಎಂಬವರು ಮೆಕ್ಕೆಜೋಳದ ಕಾಳಿನೊಳಗಿನ ಡಿಎನ್‌ಎ ಅಳೆದದ್ದು. ಕಾಳಿನಲ್ಲಿ ಮೊಳಕೆಯಾಗೋ ಭ್ರೂಣ ಒಂದು ಮೂಲೆಯಲ್ಲಿ ಸಣ್ಣದಾಗಿ ಇರುತ್ತೆ. ಉಳಿದ ಜಾಗದ ತುಂಬ ಅದಕ್ಕೆ ಬುತ್ತಿ, ಅಂದರೆ ಹಿಟ್ಟಿನ ಭಾಗ. ಪುಸ್ತಕದ ಭಾಷೆಯಲ್ಲಿ ಎಂಡೋಸ್ಪರ್ಮ್. ಪರಾಗ ಬಿದ್ದ ಕೆಲವು ದಿನ ಈ ಭಾಗದ ಕೋಶಗಳು ಒಡೆದು ಒಡೆದು ಹೆಚ್ಚುತ್ತವೆ. ಆಮೇಲೆ ಒಡೆಯುವುದನ್ನು ನಿಲ್ಲಿಸಿ ನಕಲಿಗೆ ಇಳಿಯುತ್ತವೆ. ಇವು ಶುರುವಾಗೋದೇ ಮೂರು ಪ್ರತಿಯಿಂದ, ಹಾಗಾಗಿ 3, 6, 12, 24, 48, 96 ಅಂತ ಏರುತ್ತವೆ. ಕೋಶ ಹಿಗ್ಗುತ್ತದೆ, ಪಿಷ್ಟ ತುಂಬುತ್ತದೆ. ನಮ್ಮ ಜೋಳದಲ್ಲೂ ಇದೇ ನಡೆಯುತ್ತದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ತೆನೆ ಹಾಲು ತುಂಬಿಕೊಳ್ಳುವ ದಿನಗಳಲ್ಲಿ, ನಾವು ಸೀತನಿ ತಿನ್ನೋಕೆ ಹೊಲಕ್ಕೆ ಹೋಗೋ ದಿನಗಳಿಗೆ ಸ್ವಲ್ಪ ಮುಂಚೆಯೇ, ಕಾಳಿನೊಳಗೆ ಈ ಕೆಲಸ ಶುರುವಾಗಿರುತ್ತದೆ.

ಆಯಿಗೆ ಹೇಳಿದೆ, ನನಗೆ ಬಂದ ಹಾಗೆ. ಕಾಳಿನ ಒಳಗ ಒಂದು ಬರಹ ಅದ, ಸಣ್ಣ ಸಣ್ಣ ಕೋಣಿಗಳು ಅದನ್ನ ಮತ್ತ ಮತ್ತ ಬರಕೋತಾವ, ಆದ್ರ ಮನಿ ಬ್ಯಾರೆ ಮಾಡೂದಿಲ್ಲ ಅಂತ. ಆಯಿ ರೊಟ್ಟಿ ತಿರುವಿ ಹಾಕಿ ಕೇಳಿದಳು: 'ಅವು ಬಿತ್ತಾಕ ಬರ್ತಾವೇನು?'

ನಾನು ತಬ್ಬಿಬ್ಬಾದೆ. ಒಳ್ಳೆ ಪ್ರಶ್ನೆ. ಹೀಗೆ ಇಮ್ಮಡಿಸಿಕೊಂಡ ಕೋಶ ಸಾಮಾನ್ಯವಾಗಿ ಮತ್ತೆ ಒಡೆಯೋ ದಾರಿಗೆ ಬರಲ್ಲ. ಅದರಿಂದ ಮುಂದಿನ ಪೀಳಿಗೆ ಇಲ್ಲ. ಇಲ್ಲ ಆಯಿ, ಅವು ಮೊಳಕಿಗೆ ತಿನ್ನಾಕ ಅಷ್ಟ ಅಂದೆ.

'ಮತ್ತ? ಎಲ್ಲಾ ಬಿತ್ತಾಕ ಇಟ್ರ ತಿನ್ನೋರು ಏನ್ ತಿನ್ನಬೇಕು' ಅಂದು ಮುಂದಿನ ಹಿಟ್ಟಿನ ಉಂಡೆ ಕೈಗೆ ತಗೊಂಡಳು. ಅವಳು ಉಟ್ಟಿದ್ದ ಹಳೆ ಇಳಕಲ್ ಸೀರೆಯ ಸೆರಗಿನಲ್ಲಿ ಟೋಪುತೆನೆ ಇತ್ತು. ಜೋಳದ ತೆನೆಯ ಆಕಾರ, ರೇಷ್ಮೆಯಲ್ಲಿ ನೇಯ್ದದ್ದು.

ಈಗ ಆರ್ಕಿಡ್‌ಗೆ ಬರೋಣ. ನಮ್ಮ ಕಡೆ ಬೇವು, ಜಾಲಿ, ಎರೆಹೊಲ. ಆರ್ಕಿಡ್ ಅನ್ನೋದನ್ನ ನಾನು ಮೊದಲು ನೋಡಿದ್ದು ಮಲೆನಾಡಿನ ಹಾಸ್ಟೆಲ್ ಗೆಳೆಯನ ಮನೆಯಲ್ಲಿ, ಮರದ ಮೇಲೆ ಜೋತುಬಿದ್ದ ಸೀತಾಳೆ ದಂಡೆ. ಆರ್ಕಿಡ್ ಕುಟುಂಬದಲ್ಲಿ 25 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಮತ್ತು ಬೀಜದ ವಿಷಯದಲ್ಲಿ ಇವು ಜೋಳಕ್ಕೆ ಪೂರ್ತಿ ಉಲ್ಟಾ. ಜೋಳದ ಕಾಳು ಅಂದರೆ ಬುತ್ತಿಯೇ. ಆರ್ಕಿಡ್ ಬೀಜದಲ್ಲಿ ಬುತ್ತಿಯೇ ಇಲ್ಲ. ಧೂಳಿನಂಥ ಬೀಜ, ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ. ಒಳಗೆ ಸರಿಯಾಗಿ ರೂಪವೂ ಬಾರದ ಭ್ರೂಣ. ಮೊಳೆಯಬೇಕಾದರೆ ಮಣ್ಣಿನ ಅಥವಾ ಮರದ ತೊಗಟೆಯ ಒಂದು ಶಿಲೀಂಧ್ರ ಬಂದು ಊಟ ಹಾಕಬೇಕು. ಇದನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್. ಶಿಲೀಂಧ್ರ ಇಲ್ಲದೆ ಸಕ್ಕರೆ ಕೊಟ್ಟೂ ಮೊಳೆಯಿಸಬಹುದು ಅಂತ 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ತೋರಿಸಿದರು. ಇವತ್ತು ಹೂವಿನಂಗಡಿಯಲ್ಲಿ ಕಾಣುವ ಆರ್ಕಿಡ್‌ಗಳ ಉದ್ಯಮ ನಿಂತಿರೋದು ಆ ಗಾಜಿನ ಸೀಸೆಯ ಸಕ್ಕರೆ ಮೇಲೆ.

ಬೀಜದೊಳಗೆ ಹೀಗೆ ಆಗೋದು ಹೇಗೆ ಅಂತ ಕೂತು ನೋಡಿದವರಲ್ಲಿ ನಮ್ಮವರೊಬ್ಬರಿದ್ದಾರೆ, ನಮಗೆ ಬೇರೆ ಕಾರಣಕ್ಕೆ ಗೊತ್ತಿರುವವರು. ಬಿ. ಜಿ. ಎಲ್. ಸ್ವಾಮಿ. ಡಿ. ವಿ. ಜಿ. ಅವರ ಮಗ, 'ಹಸುರು ಹೊನ್ನು' ಬರೆದವರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ನಮ್ಮಲ್ಲಿ ಬಹಳ ಜನ ಅವರನ್ನು ನಗಿಸುವ ಮೇಷ್ಟ್ರಾಗಿ ಓದಿದ್ದೇವೆ. ಆದರೆ 1940ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಶುರುವಾದ ಅವರ ಸಂಶೋಧನೆಯ ದೊಡ್ಡ ಪಾಲು ಆರ್ಕಿಡ್‌ಗಳ ಭ್ರೂಣಶಾಸ್ತ್ರ. 1949ರಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಆರ್ಕಿಡ್ ಕುಟುಂಬದ ಭ್ರೂಣಶಾಸ್ತ್ರದ ಬಗ್ಗೆ ಅವರ ಅಧ್ಯಯನ ಎರಡು ಭಾಗಗಳಲ್ಲಿ ಬಂತು. ಭ್ರೂಣ ಹಂತ ಹಂತವಾಗಿ ಹೇಗೆ ಬೆಳೆಯುತ್ತದೆ, ಅದನ್ನು ಹಿಡಿದಿರುವ ತೊಟ್ಟಿನಂಥ ಭಾಗ ಎಷ್ಟು ಬಗೆಯಾಗಿ ರೂಪ ತಾಳುತ್ತದೆ ಅನ್ನೋದನ್ನ ಅಲ್ಲಿ ವಿಂಗಡಿಸಿದರು. ಬುತ್ತಿ ಇಲ್ಲದ ಭ್ರೂಣಕ್ಕೆ ತಾಯಿಗಿಡದ ಜೊತೆ ಸಂಬಂಧ ಇರೋದು ಆ ತೊಟ್ಟಿನ ಮೂಲಕವೇ.

ಸ್ವಾಮಿಯವರ ಕಾಲದ ಕೆಲಸ ಕಣ್ಣಿನದು, ಕೈಯದು. ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಪೆನ್ಸಿಲಿನಲ್ಲಿ ಇಳಿಸೋದು. ಕೋಶ ಎಷ್ಟಾಯಿತು, ಎಲ್ಲಿ ಅಡ್ಡಗೋಡೆ ಬಂತು, ಯಾವುದು ದೊಡ್ಡದಾಯಿತು, ಇಷ್ಟು ಗೊತ್ತಾಗುತ್ತಿತ್ತು. ಆ ದೊಡ್ಡ ಕೇಂದ್ರದೊಳಗೆ ಡಿಎನ್‌ಎ ಎಷ್ಟಿದೆ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಉಪಕರಣ ಬೇಕಿತ್ತು.

ಆ ಪ್ರಶ್ನೆಯನ್ನು 1972ರಲ್ಲಿ ಆರ್ಕಿಡ್‌ನಲ್ಲೂ ಕೇಳಲಾಯಿತು. ವಾಲ್ಟರ್ ನಾಗ್ಲ್ ಮತ್ತು ಜೊತೆಗಾರರು ಸಿಂಬಿಡಿಯಮ್ ಎಂಬ ಆರ್ಕಿಡ್‌ನ ಎಳೆ ಮೊಳಕೆಗಳನ್ನು ಸೀಸೆಯಲ್ಲಿ ಬೆಳೆಸಿ ಡಿಎನ್‌ಎ ಅಳೆದರು. ಲೆಕ್ಕ ಇಮ್ಮಡಿಗೆ ಕೂರಲಿಲ್ಲ. ಇಡೀ ಡಿಎನ್‌ಎ ಅಲ್ಲ, ಅದರ ಒಂದು ಭಾಗ ಮಾತ್ರ ಹೆಚ್ಚಾಗುತ್ತಿದೆ ಅಂದರು. ಆದರೆ ಆಮೇಲೂ ಎಷ್ಟೋ ವರ್ಷ, ಆರ್ಕಿಡ್‌ನಲ್ಲಿ ಇಂಥ ಅಂಕಿ ಬಂದಾಗ ಅಳತೆಯನ್ನೇ ಅನುಮಾನಿಸೋದು ಸುಲಭವಾಗಿತ್ತು. ಎಲೆಯ ರಸ ಬಣ್ಣವನ್ನು ಕೆಡಿಸಿರಬೇಕು, ಸ್ಯಾಂಪಲ್ ಬೆರೆತಿರಬೇಕು. ನಾನು ಬರೆದಿದ್ದೂ ಅದನ್ನೇ.

2015ರಲ್ಲಿ ಪಾವೆಲ್ ಟ್ರಾವ್ನಿಚೆಕ್ ಮತ್ತು ಜೊತೆಗಾರರು ಬಹಳಷ್ಟು ಆರ್ಕಿಡ್‌ಗಳನ್ನು ಅಳೆದು, ಈ ಕುಟುಂಬದಲ್ಲಿ ಪೂರ್ತಿ ನಕಲೂ ಇದೆ, ಭಾಗಶಃ ನಕಲೂ ಇದೆ, ತಿಳಿಯದೆ ಅಳೆದರೆ ಜೀನೋಮಿನ ಗಾತ್ರವೇ ತಪ್ಪಾಗುತ್ತೆ ಅಂತ ಎಚ್ಚರಿಸಿದರು. 2017ರಲ್ಲಿ ಸ್ಪೆನ್ಸರ್ ಬ್ರೌನ್ ಮತ್ತು ಜೊತೆಗಾರರು ಇದು ಕಟ್ಟುನಿಟ್ಟಾಗಿ ನಡೆಯುವ ಕ್ರಿಯೆ ಅಂತ ತೋರಿಸಿದರು. ಸಸ್ಯಲೋಕದಲ್ಲೇ ಇದು ಬೇರೆ ಥರದ್ದು. ಆ ವಿದ್ಯಾರ್ಥಿನಿ ನನಗೆ ಕಳಿಸಿದ್ದು ಇದೇ ಪ್ರಬಂಧ.

ಝೆರಾಕ್ಸ್ ಅಂಗಡಿ ನೆನೆಸಿಕೊಳ್ಳಿ. ಬೇರೆ ಗಿಡಗಳು ಇಡೀ ಪುಸ್ತಕ ಕೊಟ್ಟು ಪೂರ್ತಿ ಝೆರಾಕ್ಸ್ ಮಾಡಿಸ್ತವೆ. ಕೆಲವು ಆರ್ಕಿಡ್‌ಗಳು ಪರೀಕ್ಷೆಗೆ ಬೇಕಾದ ಪುಟ ಮಾತ್ರ ಗುರುತು ಹಾಕಿ ಕೊಡ್ತವೆ, ಪ್ರತಿ ಸಲವೂ ಅವೇ ಪುಟಗಳು. 100 ಪುಟದ ಪುಸ್ತಕದಲ್ಲಿ 30 ಪುಟ ಮಾತ್ರ ನಕಲಾಗುತ್ತೆ ಅಂತಿಟ್ಟುಕೊಳ್ಳೋಣ. ಮೊದಲ ಸುತ್ತಿನಲ್ಲಿ ಒಟ್ಟು 130. ಎರಡನೇ ಸುತ್ತಿನಲ್ಲಿ ಆ 30ರ ನಾಲ್ಕು ಪ್ರತಿ ಅಂದರೆ 120, ಮುಟ್ಟದ 70 ಸೇರಿ 190. ಮೂರನೇ ಸುತ್ತಿನಲ್ಲಿ 240 ಮತ್ತು 70, ಅಂದರೆ 310. ನನ್ನ ಸ್ಕ್ರೀನಿನ ಮೇಲಿದ್ದ ಗುಡ್ಡಗಳು ಎಲ್ಲಿಂದ ಬಂದವು ಅಂತ ಈಗ ನಿಮಗೆ ಗೊತ್ತಾಗಿರುತ್ತೆ. ಐದನೇ ಕ್ಲಾಸಿನ ಲೆಕ್ಕ. ಇಮ್ಮಡಿ ಆಗಲೇಬೇಕು ಅನ್ನೋ ನಂಬಿಕೆ ಬಿಟ್ಟಿದ್ದರೆ ನಾನೂ ಅವತ್ತೇ ಮಾಡಬಹುದಿತ್ತು.

ಇಷ್ಟಕ್ಕೂ ವೆನಿಲಾ ನಮಗೆ ದೂರದ ಬೆಳೆಯಲ್ಲ. ಮೆಕ್ಸಿಕೋ ಕಡೆಯ ಬಳ್ಳಿ. ಅಲ್ಲಿಂದ ಹೊರಗೆ ಹೋದಾಗ ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಈಗಿನ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಅನ್ನೋ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಪರಾಗಸ್ಪರ್ಶ ಮಾಡುವ ಸುಲಭ ಉಪಾಯ ಕಂಡುಹಿಡಿದ. 1848ರಲ್ಲಿ ಗುಲಾಮಗಿರಿ ಹೋದಮೇಲೆ ಅವನಿಗೆ ಆಲ್ಬಿಯುಸ್ ಅನ್ನೋ ಅಡ್ಡಹೆಸರು ಬಂತು. 1880ರಲ್ಲಿ ಬಡತನದಲ್ಲೇ ಸತ್ತ. ಇವತ್ತಿಗೂ ಜಗತ್ತಿನ ವೆನಿಲಾ ತೋಟಗಳಲ್ಲಿ ನಡೆಯೋದು ಅವನ ಕೈಚಳಕವೇ.

ಅದೇ ಕೈಚಳಕವನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಮಲೆನಾಡು, ಕರಾವಳಿ, ಕೊಡಗಿನ ರೈತರೂ ಕಲಿತರು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಬೆಲೆ ಏರಿತು. ಅಡಿಕೆ ಮರಕ್ಕೆಲ್ಲ ವೆನಿಲಾ ಬಳ್ಳಿ ಹಬ್ಬಿತು. ನನ್ನ ಹಾಸ್ಟೆಲ್ ಗೆಳೆಯನ ಅಪ್ಪ ಬೆಳಗಿನ ಜಾವ ಎದ್ದು ಒಂದೊಂದೇ ಹೂವಿಗೆ ಕಡ್ಡಿ ಮುಟ್ಟಿಸುತ್ತಿದ್ದರಂತೆ, ರಾತ್ರಿ ಕಾಯಿ ಕದಿಯದಂತೆ ಕಾವಲು ಕೂರುತ್ತಿದ್ದರಂತೆ. ಮಡಗಾಸ್ಕರ್ ಚೇತರಿಸಿಕೊಂಡಿತು, ಕಂಪನಿಗಳು ಕೃತಕ ವೆನಿಲಿನ್ ಕಡೆ ವಾಲಿದವು, ಕೆಲವೇ ವರ್ಷಗಳಲ್ಲಿ ಬೆಲೆ ಕುಸಿಯಿತು. ಬಳ್ಳಿ ಕಿತ್ತರು.

ಈ ಬಳ್ಳಿಯನ್ನು ಹೆಚ್ಚಿಸೋದು ಕಾಂಡ ತುಂಡು ಮಾಡಿ ನೆಟ್ಟು. ಹಾಗಾಗಿ ತೋಟ ತೋಟಗಳಲ್ಲೂ ಹೆಚ್ಚು ಕಮ್ಮಿ ಒಂದೇ ಗಿಡದ ಪಡಿಯಚ್ಚುಗಳು. ಒಂದಕ್ಕೆ ಬರುವ ಬೇರುಕೊಳೆ ರೋಗ ಎಲ್ಲಕ್ಕೂ ಬರುತ್ತದೆ. ರೋಗ ತಡೆಯುವ ತಳಿ ಬೇಕಾದರೆ ಜೀನೋಮ್ ಸರಿಯಾಗಿ ಓದಬೇಕು. 2020ರಲ್ಲಿ ಒಂದು ವೆನಿಲಾ ಜೀನೋಮ್ ಪ್ರಕಟವಾಯಿತು. 2022ರಲ್ಲಿ ಫ್ರೆಂಚ್ ತಂಡವೊಂದು ಈ ಭಾಗಶಃ ನಕಲನ್ನು ಲೆಕ್ಕಕ್ಕೆ ತಗೊಂಡು ಮತ್ತೆ ಓದಿತು. 16 ಜೋಡಿ ವರ್ಣತಂತು. ಕೆಲವು ಪುಟಗಳ ಅನೇಕ ಪ್ರತಿ, ಕೆಲವು ಪುಟಗಳದ್ದು ಒಂದೆರಡೇ. ಹಾಗಾಗಿ ಓದುವ ಮಷೀನಿಗೆ ನಕಲಾಗದ ಪುಟಗಳು ಸಿಗೋದೇ ಕಷ್ಟ. ಆ ತಂಡಕ್ಕೆ ಕಂಡದ್ದು ಇದು: 67ರಷ್ಟು ಶೇಕಡಾ ಜೀನ್‌ಗಳು ಜೀನೋಮಿನ ಬರೀ ಶೇಕಡಾ 30ರಷ್ಟು ಜಾಗದಲ್ಲಿ ಇವೆ. ನಕಲಾಗುವ ಭಾಗವೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಜೀನ್ ದಟ್ಟವಾಗಿರುವ ಪುಟಗಳನ್ನೇ ಗಿಡ ಝೆರಾಕ್ಸ್‌ಗೆ ಕೊಡುತ್ತಿರುವ ಹಾಗಿದೆ. ಆರ್ಕಿಡ್ ಕುಟುಂಬಕ್ಕೆ ಮಾತ್ರ ಈ ಜಾಣತನ ಯಾಕೆ ಬಂತು ಅನ್ನೋದರ ಮೇಲೆ ಚರ್ಚೆ ಇನ್ನೂ ನಡೆದಿದೆ.

ಆ ವಿದ್ಯಾರ್ಥಿನಿಗೆ ಕ್ಷಮೆ ಕೇಳಿ ಮೇಲ್ ಹಾಕಿದೆ, ರಿಪೋರ್ಟ್ ತಿದ್ದಿ ಕೊಟ್ಟೆ. ಅವಳ ಕಳೆದ ತಿಂಗಳುಗಳು ಅದರಿಂದ ವಾಪಸ್ ಬರಲಿಲ್ಲ. ನಮ್ಮ ಫಾರ್ಮಿನಲ್ಲಿ ಮೊದಲು ಪಾಸ್, ಫೇಲ್ ಅಂತ ಎರಡೇ ಖಾನೆ ಇದ್ದವು. ಈಗ ಎಲ್ಲಕ್ಕಿಂತ ಮೇಲೆ ಒಂದು ಸಾಲು ಇದೆ: ಗಿಡದ ಕುಟುಂಬ ಯಾವುದು? ಆರ್ಕಿಡ್ ಅಂತ ಬರೆದಿದ್ದರೆ ಯಾವ ಭಾಗದ ಸ್ಯಾಂಪಲ್ ಅಂತ ಕೇಳುತ್ತೇವೆ. ಒಳಗೊಳಗೇ ನಕಲಾಗುವುದು ಕಡಿಮೆ ಇರುವ ಭಾಗವನ್ನು ಕಳಿಸಿ ಅನ್ನುತ್ತೇವೆ.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. 2002ರ ನಂಜುಂಡಪ್ಪ ಸಮಿತಿ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಇದೆ. ಅದರಲ್ಲಿ ದೇವದುರ್ಗವೂ ಇದೆ. ಆ ಪಟ್ಟಿ ತಪ್ಪು ಅಂತ ನಾನು ಹೇಳಲ್ಲ. ರಸ್ತೆ, ಶಾಲೆ, ಆಸ್ಪತ್ರೆ ಎಣಿಸಿದ್ದಾರೆ, ಕಮ್ಮಿ ಇದ್ದದ್ದು ನಿಜ, ಹಾಗೆ ಎಣಿಸಿದ್ದರಿಂದಲೇ ಕೇಳಲು ಒಂದು ಆಧಾರ ಸಿಕ್ಕಿತು. ತಪ್ಪು ನನ್ನದು. ಊರು ಬಿಟ್ಟು ಬಂದ ನಾನು ಆಫೀಸಿನಲ್ಲಿ ಯಾರಾದರೂ ಕೇಳಿದರೆ 'ಅಲ್ಲಿ ಏನೂ ಆಗಲ್ಲ ಗುರೂ' ಅಂತ ಎಷ್ಟೋ ಸಲ ಹೇಳಿದ್ದೇನೆ. ಊರಿನಿಂದ ಹೊರಗೆ ಹೋದವರನ್ನು ಮಾತ್ರ ಎಣಿಸುತ್ತಿದ್ದೆ. ಅಲ್ಲೇ ಇದ್ದವರನ್ನು ವಿಶ್ರಾಂತಿ ಅಂತ ಬರೆದುಕೊಂಡಿದ್ದೆ. ನಮ್ಮ ಆಯಿ ದೇವದುರ್ಗ, ಮಾನ್ವಿ, ರಾಯಚೂರು ದಾಟಿ ಹೋದವಳಲ್ಲ. ಐದು ಮಕ್ಕಳು, ಹನ್ನೊಂದು ಮೊಮ್ಮಕ್ಕಳು ಹೊರಗೆ ಹೋಗಿ ಬದುಕು ಕಟ್ಟಿಕೊಂಡಿದ್ದು ಅವಳು ತುಂಬಿ ಕಳಿಸಿದ ಬುತ್ತಿಯಿಂದ.

ಮೊನ್ನೆ ಹೊರಡುವಾಗಲೂ ಕಟಿಕಟಿ ರೊಟ್ಟಿಯ ಗಂಟು ಕೈಗಿಟ್ಟಳು. ರಾಯಚೂರು ಬಸ್ಸಿನಲ್ಲಿ ಕೂತು ಎಣಿಸಿದೆ. ನಲವತ್ತೆಂಟು.